ಒಲೆ ನೋಡಿದವರು ಯಾರು

ಆ ಮಂಗಳವಾರ ನಾನು ಮಾಡಿದ ಕೆಲಸಗಳು ಇವು. ಐದಕ್ಕೆ ಎದ್ದು ಅಂಗಳ ಗುಡಿಸಿ ಸೆಗಣಿ ನೀರು ಚೆಲ್ಲಿದೆ. ಎರಡು ಎಮ್ಮೆ ಹಿಂಡಿದೆ. ಒಂದು ಒದ್ದು ಅರ್ಧ ತಂಬಿಗೆ ಹಾಲು ನೆಲಕ್ಕೆ ಹೋಯಿತು. ನಳಕ್ಕೆ ನೀರು ಬಿಡುವ ದಿನವಾದ್ದರಿಂದ ಹನ್ನೊಂದು ಕೊಡ ತುಂಬಿದೆ. ಜೋಳ ಹಸನು ಮಾಡಿ, ಡಬ್ಬಿ ಹೊತ್ತು ಗಿರಣಿಯಲ್ಲಿಟ್ಟು ಬಂದೆ. ಅತ್ತೆಯವರ ಕಾಲಿಗೆ ಎಣ್ಣೆ ತಿಕ್ಕಿದೆ. ಪುಂಡಿಪಲ್ಲೆ ಸೋಸಿ ಬೇಳೆಯ ಜೊತೆ ಕುದಿಯಲಿಟ್ಟೆ. ಮೂವತ್ತೆರಡು ರೊಟ್ಟಿ ಬಡಿದೆ. ಮೂವತ್ಮೂರನೆಯದು ಹಂಚಿನ ಮೇಲೆಯೇ ಕರಕಾಯಿತು. ಯಾಕೆಂದರೆ ಅದನ್ನು ತಿರುವಿ ಹಾಕುವ ಹೊತ್ತಿಗೆ ಪಡಸಾಲೆಯಲ್ಲಿ ನನ್ನ ಮೈದುನ ತನ್ನ ಹೆಂಡತಿಯ ಕಪಾಳಕ್ಕೆ ಹೊಡೆದ.

ಆಗ ಮನೆಯಲ್ಲಿ ಆರು ಜನ. ಅತ್ತೆ, ನನ್ನ ಗಂಡ, ನಾನು, ಗಂಡನ ತಮ್ಮ, ಅವನ ಹೆಂಡತಿ ಅಂದರೆ ನನ್ನ ನೆಗೆಣ್ಣಿ, ಅವರ ನಾಲ್ಕು ವರ್ಷದ ಮಗಳು. ಊರು ಸಿಂದಗಿ ತಾಲೂಕಿನದು, ಯಂಕಂಚಿಯ ಕಡೆಗೆ. ನನ್ನ ತವರು ಬಸವನ ಬಾಗೇವಾಡಿಯ ಆಚೆ ಗೊಳಸಂಗಿ, ನೆಗೆಣ್ಣಿಯದು ಮುದ್ದೇಬಿಹಾಳದ ಹತ್ತಿರ. ನನ್ನ ಒಬ್ಬಳೇ ಮಗಳನ್ನು ಇಂಡಿಯ ನಿಂಬೆ ತೋಟದವರ ಮನೆಗೆ ಕೊಟ್ಟಿದ್ದೆವು.

ಮನೆಯ ಹೆಂಗಸರು ಮೂವರಿಗೂ ಸೇರಿ ಒಂದು ಮೊಬೈಲು. ಅದು ಒಲೆಯ ಮೇಲಿನ ಗೋಡೆಯ ಮಾಡದಲ್ಲಿ, ಉಪ್ಪಿನ ಭರಣಿಯ ಪಕ್ಕಕ್ಕೆ ಇರುತ್ತಿತ್ತು. ಯಾರಿಗೆ ಬೇಕೋ ಅವರು ಕೈ ಒರೆಸಿಕೊಂಡು ತೆಗೆದುಕೊಳ್ಳುವುದು, ಮತ್ತೆ ಅಲ್ಲೇ ಇಡುವುದು. ಹಿಂದಿನ ದಿನ ಮೈದುನನ ಮೊಬೈಲು ಪಂಪಿನ ಗುಂಡಿಗೆ ಬಿದ್ದಿತ್ತು. ಹಾಗಾಗಿ ಆ ಬೆಳಗ್ಗೆ ತೊಗರಿಯ ದರ ನೋಡಲು ನಮ್ಮದನ್ನು ಹೊಲಕ್ಕೆ ಒಯ್ದಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ಉರಿ ಬಿಸಿಲಿನಲ್ಲಿ ಅದನ್ನು ಮುಷ್ಟಿಯಲ್ಲಿ ಹಿಡಿದು ಬಂದ. ಚಪ್ಪಲಿ ಕೂಡ ಬಿಡಲಿಲ್ಲ.

"ಇದೇನ ಇದು? ತೊಗರಿ ರೇಟ್ ನೋಡಾಕ ತಗದ್ರ ಒಲಿ. ಸುದ್ದಿ ನೋಡಾಕ ತಗದ್ರ ಒಲಿ. ಮಳಿ ಯಾವಾಗ ಬರತೈತಿ ಅಂತ ನೋಡಿದ್ರ ಅದರಾಗೂ ಒಲಿ! ಯಾವಾಕಿಗಿ ಬೇಕಾಗೈತಿ ಬ್ಯಾರಿ ಒಲಿ?"

ನೆಗೆಣ್ಣಿ ಶೇಂಗಾ ಒಡೆಯುತ್ತ ಕೂತಿದ್ದಳು. "ನನ್ನ ಮಾರಿ ಯಾಕ ನೋಡ್ತೀರಿ? ನಾ ಯಾವ ಒಲಿನೂ ನೋಡಿಲ್ಲ."

"ನೀ ನೋಡಲಾರದ ಒಲಿ ತಾನ ನಡಕೊಂತ ಬಂತೇನ?"

"ನಡಕೊಂತ ಬಂದಿದ್ರ ಅದನ್ನ ಕೇಳ್ರಿ."

ಕಪಾಳದ ಸದ್ದು ಬಂದದ್ದು ಆಗ.

ಒಂದು ಒಲೆಯ ಚಿತ್ರಕ್ಕೆ ಇಷ್ಟು ಸಿಟ್ಟೇ ಎಂದು ಹೊರಗಿನವರಿಗೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ಒಲೆ ಕೊಳ್ಳುವುದೆಂದರೆ ಪಾಲು ಕೇಳುವುದು. ಮಾವನವರ ಕಾಲದಲ್ಲಿ ಅವರ ತಮ್ಮ ಗೊಬ್ಬರದ ಚೀಲದಲ್ಲಿ ಒಂದು ಒಲೆ ತಂದು ದನದ ಮನೆಯಲ್ಲಿ ಹೊಟ್ಟಿನ ಕೆಳಗೆ ಬಚ್ಚಿಟ್ಟಿದ್ದರಂತೆ. ಮರುದಿನ ಒಂದೇ ಮನೆಯ ಮಾಳಿಗೆಯಿಂದ ಎರಡು ಹೊಗೆ ಎದ್ದವು. ಆ ಹೊಗೆ ಆರುವ ಮೊದಲೇ ಅಣ್ಣ ತಮ್ಮಂದಿರು ಕೊಡಲಿ ಹಿಡಿದರು. ಮಾವನವರ ಎರಡು ಬೆರಳು ಹೋದವು, ಅವರ ತಮ್ಮನ ಒಂದು ಕಣ್ಣು ಹೋಯಿತು. ಅತ್ತೆಯವರು ಆಗ ಹೊಸ ಮದುವಣಗಿತ್ತಿ. ನೆಲದ ರಕ್ತಕ್ಕೆ ಬೂದಿ ಹಾಕಿ ಬಳಿದವರು ಅವರೇ. ಅಂದಿನಿಂದ ಒಲೆಗೆ ಸಂಬಂಧಪಟ್ಟ ಏನೇ ಇದ್ದರೂ, ಸೀಳಿದ ಹಂಚಿನ ಬದಲು ಬೇರೆ ತರುವುದಿದ್ದರೂ, ಮೊದಲು ಅವರಿಗೆ ಹೇಳಬೇಕು. ಹೇಳದೆ ಒಲೆ ನೋಡಿದವರು ಯಾರೇ ಇರಲಿ, ಅತ್ತೆಯವರ ಕಣ್ಣಿಗೆ ಕೊಡಲಿ ಹಿಡಿದವರೇ.

ಅದರ ಮೇಲೆ, ಹಿಂದಿನ ತಿಂಗಳಷ್ಟೇ ಎಮ್ಮೆಯ ಹಾಲಿನ ಮಾತಿಗೆ ಜಗಳವಾಗಿ ನೆಗೆಣ್ಣಿ, "ಇದರಕಿಂತ ಬ್ಯಾರಿ ಇದ್ರ ಚಲೋ" ಎಂದುಬಿಟ್ಟಿದ್ದಳು. ಸಿಟ್ಟಿನ ಮಾತು. ಎಲ್ಲರೂ ಕೇಳಿದ್ದರು. ಆದ್ದರಿಂದ ಅವಳ ಕಡೆಗೇ ಬೆರಳು ಹೋಯಿತು.

ಹೊಡೆತ ಒಂದಕ್ಕೆ ನಿಲ್ಲಲಿಲ್ಲ. ಮೈದುನ ಗೂಟದ ಮೇಲಿನ ಬಾರಕೋಲು ಎಳೆದುಕೊಂಡ. ಎರಡು ಏಟು ಅವಳ ಬೆನ್ನಿಗೆ ಬಿದ್ದವು, ರವಿಕೆಯ ಮೇಲೆ ಧೂಳಿನ ಎರಡು ಗೆರೆ ಎದ್ದವು. ಮೂರನೆಯದನ್ನು ಅವಳು ಗಾಳಿಯಲ್ಲೇ ಹಿಡಿದಳು. ಒಂದು ತುದಿ ಅವನ ಕೈಯಲ್ಲಿ, ಒಂದು ತುದಿ ಅವಳ ಕೈಯಲ್ಲಿ. ಎತ್ತು ಹೊಡೆಯುವ ಆ ಬಾರಿನ ಹಗ್ಗಕ್ಕೆ ಇಬ್ಬರೂ ಜಗ್ಗಾಡಿದರು. ಅವನು ಹಲ್ಲು ಕಡಿದು ಒಮ್ಮೆಲೇ ಬಿಟ್ಟ, ಬಿಟ್ಟು ಎದೆಗೆ ಕೈ ಹಚ್ಚಿ ತಳ್ಳಿದ. ಅವಳು ಹಿಂದಕ್ಕೆ ಹೋಗಿ ಒರಳಿನ ಮೇಲೆ ಬಿದ್ದಳು. ಬಲಗೈ ಕೆಳಗೆ ಸಿಕ್ಕಿತು. ಹಸಿ ಜೋಳದ ದಂಟು ಮುರಿದಂಥ ಸದ್ದು. ಮಗು ಹೊರಸಿನ ಕೆಳಗೆ ನುಸುಳಿ ಎರಡೂ ಕಿವಿ ಮುಚ್ಚಿಕೊಂಡಿತ್ತು.

ನನ್ನ ಗಂಡ ಓಡಿ ಬಂದರು. ಬಿಡಿಸುತ್ತಾರೆ ಅಂದುಕೊಂಡೆ. ಬಂದವರೇ ತಮ್ಮನ ಅಂಗಿಯ ಕಾಲರು ಹಿಡಿದರು.

"ನನಗ ಹೇಳಲಾರದ ಪಾಲಿಗಿ ನಿಂತೀ ಏನಲೇ?"

"ನಾ ನಿಂತಿಲ್ಲೋ ಯಣ್ಣಾ, ಇಕಿ ನಿಂತಾಳ!"

"ಹೆಂಡತಿ ನಿಲ್ಲಬೇಕಾದ್ರ ಗಂಡನ ನಿಲ್ಲಸಿರ್ತಾನ!"

ಮೈದುನ ತಲೆಯಿಂದ ಗುದ್ದಿದ. ಅಣ್ಣ ಬಾಗಿಲಿನ ಅಗಳಿ ಕಿತ್ತು ಅವನ ಬಾಯಿಗೆ ಬೀಸಿದರು. ಮುಂದಿನ ಹಲ್ಲೊಂದು ಹಾರಿ ಅವಳು ಒಡೆದಿಟ್ಟ ಶೇಂಗಾದ ಮೊರಕ್ಕೆ ಬಿತ್ತು. ಕಾಳು ಯಾವುದು ಹಲ್ಲು ಯಾವುದು ತಿಳಿಯದಂತಾಯಿತು. ಮೈದುನ ಕೈಯಲ್ಲಿದ್ದ ಮೊಬೈಲನ್ನು ಗೋಡೆಗೆ ಎಸೆದ. ಅತ್ತೆ ಕೋಲಿನಿಂದ ನೆಲ ಕುಟ್ಟಿ ಕೂಗಿದರು.

"ನಿಲ್ಲಸ್ರೋ ಭಾಡ್ಯಾಗೋಳ್ರ್ಯಾ! ಒಂದ್ ಸಲ ಬಳದೇನಿ ಈ ನೆಲಾ, ಇನ್ನೊಮ್ಮಿ ಬಳಿಯಂಗಿಲ್ಲ."

ನಿಂತರು. ಅತ್ತೆ ಉಸಿರು ತೆಗೆದುಕೊಂಡು ತೀರ್ಪು ಹೇಳಿದರು. "ಇಕಿ ಕೈ ಕಟ್ಟಿಸ್ರಿ. ಕಟ್ಟಿಸಿ ಸಿಂದಗಿಂದನ ಮುದ್ದೇಬಿಹಾಳ ಬಸ್ಸಿಗಿ ಹತ್ತಸ್ರಿ. ತವರಾಗ ಒಲಿ ಹಚ್ಚಲಿ. ಕೂಸು ನಮ್ಮದು, ಇಲ್ಲೇ ಇರತೈತಿ."

ನಾನು ಒಲೆಯ ಮುಂದೆ ನಿಂತೇ ಇದ್ದೆ. ಕೈಗೆ ಹಿಟ್ಟು.

ಈಗ ನನ್ನ ಮಾತು ಹೇಳಬೇಕು. ಮೂರು ವಾರದ ಹಿಂದೆ ಇಂಡಿಯಿಂದ ಮಗಳು ಫೋನು ಮಾಡಿದ್ದಳು. "ಅವ್ವಾ, ನಿಂತು ರೊಟ್ಟಿ ಬಡಿಯೋ ಎತ್ತರದ ಒಲಿ ತಂದಾರ ನಮ್ಮ ಮನ್ಯಾಗ. ನಿನ್ನ ಮಣಕಾಲಿಗಿ ಚಲೋ ಆಕ್ಕೈತಿ, ನೋಡರೆ ನೋಡು" ಎಂದು ಅಂಗಡಿಯ ಪುಟವೊಂದನ್ನು ಕಳಿಸಿದ್ದಳು. ತೆರೆದೆ. ಅರ್ಧ ಪರದೆ ಮುಚ್ಚುವಷ್ಟು ಉದ್ದ ಬರಹವೊಂದು ಮೇಲೆದ್ದಿತು. ಕೆಳಗೆ ಹಸಿರು ಬಣ್ಣದ ದೊಡ್ಡ ಗುಂಡಿ: ಎಲ್ಲವನ್ನೂ ಒಪ್ಪುತ್ತೇನೆ. ಪಕ್ಕದಲ್ಲಿ ಬೂದು ಬಣ್ಣದಲ್ಲಿ ಇನ್ನೇನೋ ಸಣ್ಣಕ್ಷರ. ಒಲೆ ಕಾಣಬೇಕಿತ್ತಲ್ಲ, ಹಸಿರು ಒತ್ತಿದೆ. ಮೂರು ದಿನ, ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ, ಕದ್ದು ನೋಡಿದೆ. ಕೊಳ್ಳುವ ಧೈರ್ಯವಿರಲಿಲ್ಲ. ಎರಡು ಉರಿಯದು, ಮೂರು ಉರಿಯದು, ಕಾಲಿರುವುದು, ಗಾಜಿನದು. ಆಮೇಲೆ ಮುಚ್ಚಿದೆ, ಫೋನು ಮಾಡುವುದಕ್ಕಲ್ಲದೆ ಮತ್ತೆ ಅದನ್ನು ಮುಟ್ಟಲಿಲ್ಲ. ಮುಚ್ಚಿದ ಮೇಲೆ ಮುಗಿಯಿತು ಎಂದೇ ನನ್ನ ತಿಳಿವಳಿಕೆ. ಅಂಗಡಿಯಿಂದ ಇಳಿದು ಬಂದವರ ಹಿಂದೆ ಅಂಗಡಿ ಎದ್ದು ಬರುತ್ತದೆಯೇ? ಹಾಗಾಗಿ ಮೈದುನ ತೋರಿಸಿದ ಒಲೆಗಳು ನಾನು ನೋಡಿದವಲ್ಲ, ನೆಗೆಣ್ಣಿಯೂ ಗುಟ್ಟಾಗಿ ನೋಡಿರಬೇಕು ಎಂದುಕೊಂಡೆ. ಪೂರ್ತಿ ಹಾಗೆಯೇ ಅಂದುಕೊಂಡೆ ಎಂದು ಆಣೆ ಮಾಡಲಾರೆ. ಅಗಳಿ ಇನ್ನೂ ಗಂಡನ ಕೈಯಲ್ಲಿತ್ತು. ಬಾಯಿ ಏಳಲಿಲ್ಲ.

ನೆಲದ ಮೇಲಿನ ಮೊಬೈಲು ಎತ್ತಿಕೊಂಡೆ. ಗಾಜು ಜೇಡನ ಬಲೆಯಂತೆ ಒಡೆದಿತ್ತು, ಒಳಗೆ ಬೆಳಕಿತ್ತು.

ಟಂಟಂ ಆಟೋದಲ್ಲಿ ನಾವಿಬ್ಬರೇ ಹೋದೆವು. ನೆಗೆಣ್ಣಿ ಮುರಿದ ಕೈಯನ್ನು ಸೆರಗಿನಲ್ಲಿ ತೊಟ್ಟಿಲು ಕಟ್ಟಿದಂತೆ ಕಟ್ಟಿಕೊಂಡಿದ್ದಳು. ರಸ್ತೆಯ ತಗ್ಗಿಗೊಮ್ಮೆ ಅವಳ ತುಟಿ ಬಿಳುಚುತ್ತಿತ್ತು. ನೋವಿನ ಮಾತು ಆಡಲಿಲ್ಲ. "ಯಕ್ಕಾ, ಕೂಸು ನನ್ನ ಬಿಟ್ಟು ಮಲಗಂಗಿಲ್ರಿ" ಎಂದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಮಲಗಂಗಿಲ್ರಿ ಅದು" ಎಂದಳು.

ಸಿಂದಗಿಯ ದವಾಖಾನೆಯಲ್ಲಿ ಡಾಕ್ಟರು ಕೈ ಒತ್ತಿ ನೋಡಿ ಕೇಳಿದರು. "ಹೆಂಗಾತಬೇ ಇದು?"

ಅವಳು ಬಾಯಿ ತೆರೆಯುವ ಮೊದಲೇ ನಾನೆಂದೆ: "ಬಿದ್ದಾಳ್ರಿ."

ಡಾಕ್ಟರು ಅವಳ ಬೆನ್ನಿನ ಎರಡು ಗೆರೆ ನೋಡಿದರು, ನನ್ನನ್ನು ನೋಡಿದರು. "ಬೆನ್ನಿಗೂ ಬಿದ್ದಾಳೇನ?" ಎಂದು ಕೇಳಿ ಬರೆದುಕೊಂಡರು. ಎಲುಬು ಕೂಡಿಸಲು ಎಳೆದಾಗ ಅವಳು ಕಿರುಚಿದ್ದು ಹೊರಗಿನ ಬೇವಿನ ಗಿಡದ ಕಾಗೆಗಳನ್ನು ಎಬ್ಬಿಸಿತು. ಕೈಗೆ ಸುತ್ತಿದ ಪ್ಲಾಸ್ಟರಿನ ಪಟ್ಟಿ ಒಣಗಲು ಒಂದು ತಾಸು ಕೂರಬೇಕೆಂದರು. ಬಸ್ಸು ಐದೂವರೆಗೆ. ನಾಲ್ಕಾಗಿತ್ತು.

ದವಾಖಾನೆಯ ಎದುರಿಗೇ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿಕೊಡುವ ಅಂಗಡಿ. ಅತ್ತೆಯವರ ಪಿಂಚಣಿ ಅರ್ಜಿ ತುಂಬಿದ್ದು ಅಲ್ಲಿಯೇ. ನಡೆಸುವವಳು ಮೂವತ್ತರ ಹೆಣ್ಣುಮಗಳು, ಮಾತು ಚುರುಕು. ಹೋಗಿ ಒಡೆದ ಮೊಬೈಲು ಮುಂದಿಟ್ಟೆ.

"ಇದರಾಗ ಒಲಿ ಬರಾಕತ್ತಾವ. ಯಾರು ನೋಡ್ಯಾರಂತ ತಿಳಿಬೇಕಾಗೈತಿ ತಂಗಿ."

"ಯಾರರೆ ಒಲಿ ಅಂಗಡಿ ಹೊಕ್ಕಿರ್ಬೇಕ್ರಿ. ನೀವು ಹೊಕ್ಕಿದ್ರೇನ್ರಿ?"

"ಹೊಕ್ಕಿದ್ದೆ. ಆದರ ಮುಚ್ಚೀನಿ."

"ಮುಚ್ಚಿದ್ರೇನಾತ್ರಿ? ಹಸರ ಗುಂಡಿ ಒತ್ತಿದ್ರಿಲ್ಲ?"

"ಅದನ್ನ ಒತ್ತಲಾರದ ಒಲಿ ಕಾಣ್ತಿದ್ದಿಲ್ಲ."

ಅವಳು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಅದಕ್ಕ ಕುಕೀ ಅಂತಾರ್ರಿ. ಈಗ ನೋಡ್ರಿ, ನೀವು ಗಿರಣಿಗಿ ಡಬ್ಬಿ ಇಡ್ತೀರಿ. ಗಿರಣಿಯಾಂವ ಸುಣ್ಣದ ಕಡ್ಡೀಲೆ ಡಬ್ಬಿಗಿ ಒಂದ್ ಗುರ್ತು ಹಾಕ್ತಾನಿಲ್ಲ? ಮತ್ತೊಮ್ಮಿ ಹೋದಾಗ ಆ ಗುರ್ತು ನೋಡಿ, ಇವರದು ಸಣ್ಣಗ ಬೀಸಬೇಕು ಅಂತ ತಿಳಕೋತಾನ. ಗುರ್ತು ನಿಮ್ಮ ಡಬ್ಬಿ ಮ್ಯಾಲನ ಇರತೈತಿ, ನಿಮ್ಮ ಮನ್ಯಾಗನ ಇರತೈತಿ. ಇದರಿಂದ ತ್ರಾಸಿಲ್ಲ. ನಿಮ್ಮತ್ತಿಯವರ ಪಿಂಚಣಿ ತಗದಾಗೊಮ್ಮಿ ಮೊದಲಿಂದ ಎಲ್ಲಾ ತುಂಬು ಅಂತ ಕೇಳಂಗಿಲ್ಲಲ್ಲ, ಅದು ಇಂಥಾ ಗುರ್ತಿನಿಂದನ."

"ಮತ್ತ ಒಲಿ?"

"ಗಿರಣ್ಯಾಗ ಮೂಲಿಗಿ ಇನ್ನೊಬ್ಬ ಕುಂತಿರ್ತಾನ್ರಿ. ಅಂವ ಬೀಸಾಂವ ಅಲ್ಲ. ಅಂವನೂ ನಿಮ್ಮ ಡಬ್ಬಿ ತಳಕ್ಕ ತನ್ನದೊಂದು ಗುರ್ತು ಹಾಕ್ತಾನ. ಅಂವನ ಮಂದಿ ಅರಿಬಿ ಅಂಗಡ್ಯಾಗ, ಬಸ್ ಸ್ಟ್ಯಾಂಡಿನ್ಯಾಗ, ಸುದ್ದಿ ಓದೋ ಕಟ್ಟಿಮ್ಯಾಲ, ಎಲ್ಲಾ ಕಡೆ ಕುಂತಿರ್ತಾರ. ನಿಮ್ಮ ಡಬ್ಬಿ ಎಲ್ಲಿಗಿ ಹೋದ್ರೂ ತಳ ನೋಡ್ತಾರ. ಒಲಿ ನೋಡಿದ ಡಬ್ಬಿ ಬಂತು ಅಂತ ಒಲಿ ಚಿತ್ರ ಹಿಡೀತಾರ. ನೀವು ಒತ್ತಿದ ಹಸರ ಗುಂಡಿ ಅಂದ್ರ, ಹಾಕ್ಕೋರಿ ಅಂತ ಇಬ್ಬರಿಗೂ ಒಪ್ಪಿಗಿ ಕೊಟ್ಟಂಗ."

ನಾನು ಒಂದೇ ಮಾತು ಕೇಳಿದೆ. "ಡಬ್ಬಿ ಹೊತ್ತಾಕಿ ಯಾರಂತ ಆ ಗುರ್ತಿಗೆ ತಿಳಿತೈತೇನು?"

"ಎಲ್ಲಿಂದು ತಿಳಿಬೇಕ್ರಿ. ಅದಕ್ಕ ಡಬ್ಬಿ ಗೊತ್ತು. ಅತ್ತಿ ಹೊತ್ರೂ ಅದೇ ಡಬ್ಬಿ, ಸೊಸಿ ಹೊತ್ರೂ ಅದೇ ಡಬ್ಬಿ."

ನನ್ನ ಒಲೆಗಳು ಅವು. ನಾನು ಮೂರು ಮಧ್ಯಾಹ್ನ ಹೊತ್ತ ಡಬ್ಬಿಯನ್ನು ಅವಳ ಬೆನ್ನಿನ ಮೇಲೆ ಒಡೆದಿದ್ದರು.

"ಅಳಸ್ಲೇನ್ರಿ?" ಎಂದಳು ಅಂಗಡಿಯವಳು. "ಎರಡು ಸಲ ಒತ್ತಿದ್ರ ಗುರ್ತೆಲ್ಲಾ ಹೋಗ್ತಾವ. ನೋಡಿದ ಪುಟದ ಪಟ್ಟಿ ಬ್ಯಾರೆ ಇರತೈತಿ, ಅದನ್ನೂ ಅಳಸ್ತೇನಿ. ಆಮ್ಯಾಲ ಒಲೀನೂ ಇಲ್ಲ, ಏನೂ ಇಲ್ಲ."

ಇದನ್ನು ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ: ಒಂದು ಗಳಿಗೆ ಹೂಂ ಅನ್ನಬೇಕೆನ್ನಿಸಿತು. ಅಳಿಸಿದರೆ ನಾನು ಸಿಗುತ್ತಿರಲಿಲ್ಲ. ಐದೂವರೆಯ ಬಸ್ಸು ಹೋಗುತ್ತಿತ್ತು, ನಾನು ಮನೆಗೆ ಹೋಗಿ ರೊಟ್ಟಿ ಬುಟ್ಟಿ ಮುಚ್ಚುತ್ತಿದ್ದೆ. ಎದುರಿನ ದವಾಖಾನೆಯ ಕಿಟಕಿಯಲ್ಲಿ ಅವಳ ತಲೆ ಕಾಣುತ್ತಿತ್ತು. ಗೋಡೆಗೆ ಆತು ಕೂತಿದ್ದಳು.

"ಬ್ಯಾಡ" ಎಂದೆ. "ಆ ಪಟ್ಟಿ ತೋರ್ಸು. ಯಾವತ್ತು ನೋಡೀನಿ ಅಂತ ಇರತೈತೇನು?"

ಇತ್ತು. ಮೂರು ದಿನ, ಮೂರೂ ದಿನ ಎರಡು ಗಂಟೆಯ ಹೊತ್ತು. ಆ ಮೂರು ದಿನ ನೆಗೆಣ್ಣಿ ತನ್ನ ಅಣ್ಣನ ಬಸುರಿ ಹೆಂಡತಿಯ ಕುಬಸಕ್ಕೆಂದು ತವರಿನಲ್ಲಿದ್ದಳು. ಅವಳನ್ನು ಬಿಟ್ಟು ಬಂದವನು ಮೈದುನನೇ.

ಕೈಯ ಪ್ಲಾಸ್ಟರು ಒಣಗಿದ ಮೇಲೆ ಅವಳನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಮುದ್ದೇಬಿಹಾಳದ ಬಸ್ಸು ಉಸಿರು ಬಿಡುತ್ತ ನಿಂತಿತ್ತು. ನಾನು ಅದನ್ನು ದಾಟಿ ಟಂಟಂ ಕಡೆಗೆ ಹೋದೆ.

"ಬಸ್ಸು ಆ ಕಡೆ ಐತ್ರಿ ಯಕ್ಕಾ."

"ಬಸ್ಸು ಬ್ಯಾಡ. ಒಲಿ ನೋಡಿದಾಕಿ ನಾನ."

ಅವಳಿಗೆ ತಿಳಿಯಲಿಲ್ಲ. ಮತ್ತೊಮ್ಮೆ ಹೇಳಿದೆ. ಮೊಬೈಲು, ಮಗಳು, ಮೂರು ದಿನ, ಗುರುತು, ಎಲ್ಲವನ್ನೂ ಹೇಳಿದೆ. ಅವಳ ಕಣ್ಣು ನಿಧಾನಕ್ಕೆ ದೊಡ್ಡವಾದವು.

"ಅವರು ಬಾರಕೋಲು ತಗೊಂಡಾಗ ನಿಮಗ ಗೊತ್ತಿತ್ತೇನ್ರಿ?"

"ಪೂರಾ ಗೊತ್ತಿರಲಿಲ್ಲ."

"ಅರ್ಧಾ?"

ನಾನು ಹೌದೆಂದು ಗೋಣು ಹಾಕಿದೆ.

ಎಡಗೈಯಿಂದ ಹೊಡೆದಳು. ಬಲಗೈಯವಳ ಎಡಗೈ ಏಟು, ಆದರೂ ಕಿವಿ ಗುಂಯ್ ಎಂದಿತು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಕಂಡಕ್ಟರು, "ಏನ್ರವ್ವಾ, ಜಗಳಾ ಮಾಡೋರು ಹತ್ರಿ, ಒಳಗ ಜಾಗ ಐತಿ" ಎಂದ. ಯಾರೂ ನಗಲಿಲ್ಲ. ಅವಳು ಎರಡನೆಯ ಸಲ ಕೈ ಎತ್ತಿ, ಇಳಿಸಿ, ಮುಂದೆ ನಡೆದು ಟಂಟಂ ಹತ್ತಿ ಕೂತಳು.

"ಮನಿಗಿ ನಡೀರಿ. ಇದನ್ನ ಅಲ್ಲಿ ಹೇಳ್ರಿ."

ಹೇಳಿದೆ. ಪಡಸಾಲೆಯಲ್ಲಿ, ಎಲ್ಲರ ಮುಂದೆ, ನಿಂತುಕೊಂಡು. ನೆಲದ ಮೇಲೆ ಬಾರಕೋಲು ಬಿದ್ದಲ್ಲೇ ಬಿದ್ದಿತ್ತು. ಮೊಬೈಲಿನ ಪಟ್ಟಿಯಲ್ಲಿನ ತಾರೀಖು ತೋರಿಸಿದೆ. ಮೈದುನ ಒಡೆದ ಗಾಜಿನ ಮೇಲೆ ಬೆರಳಿಟ್ಟು ದಿನ ಎಣಿಸಿದ, ಎಣಿಸಿ ಮೊಬೈಲನ್ನು ನನ್ನ ಕೈಗೆ ಮರಳಿಸಿದ. ಗಿರಣಿಯ ಡಬ್ಬಿಯ ಮಾತನ್ನು ಅಂಗಡಿಯವಳು ಹೇಳಿದಂತೆಯೇ ಹೇಳಿದೆ. ಮಾತು ಮುಗಿಯುವ ಮೊದಲೇ ನನ್ನ ಗಂಡ ಎದ್ದು ಬಂದು ಎರಡು ಏಟು ಕೊಟ್ಟರು, ಒಂದು ಈ ಕೆನ್ನೆಗೆ, ಒಂದು ಆ ಕೆನ್ನೆಗೆ. ಮೂಗಿನಿಂದ ರಕ್ತ ಬಂದು ತುಟಿ ಉಪ್ಪಾಯಿತು. ಹಿಟ್ಟಿನ ಪರಾತಕ್ಕೆ ಒದ್ದರು. ಅದು ಗುಂಡಗೆ ಉರುಳುತ್ತ ಹೊಸ್ತಿಲ ತನಕ ಹೋಗಿ ಸದ್ದು ಮಾಡುತ್ತ ಬಿತ್ತು.

"ಬಿಡೋ" ಎಂದರು ಅತ್ತೆ. ನನ್ನ ಕಡೆ ತಿರುಗಿದರು. "ಬ್ಯಾರಿ ಆಗಬೇಕಂತ ನೋಡಿದೇನ?"

"ಇಲ್ರಿ ಅತ್ತಿ. ಮಣಕಾಲು ಮಡಚವಲ್ದು. ನಿಂತು ರೊಟ್ಟಿ ಬಡಿಯಾಕ ಬರತೈತೇನಂತ ನೋಡಿನಿ."

"ನನಗ ಹೇಳಾಕ ಬಾಯಿ ಬಿದ್ದಿತ್ತೇನ?"

"ಹೆದರಿಕಿ ಆತ್ರಿ."

ಮೈದುನ ನಡುವೆ ಬಾಯಿ ಹಾಕಿದ. ಹಲ್ಲು ಹೋದ ಬಾಯಿಯಿಂದ ಗಾಳಿ ಬರುತ್ತಿತ್ತು. "ನೀವು ಮೊದಲ ಹೇಳಬೇಕಿತ್ತು ವೈನಿ. ಹೇಳಿದ್ರ ಇದೆಲ್ಲಾ ಆಗ್ತಿದ್ದಿಲ್ಲ. ನೋಡ್ರಿ, ನಿಮ್ಮ ಸಲುವಾಗಿ ಇಕಿ ಕೈ ಮುರೀತು."

ನೆಗೆಣ್ಣಿ ಹೊಸ್ತಿಲಲ್ಲಿ ನಿಂತಿದ್ದಳು. ಮದುವೆಯಾದ ಆರು ವರ್ಷದಲ್ಲಿ ಅವಳು ಗಂಡನನ್ನು ಬಹುವಚನ ಬಿಟ್ಟು ಮಾತಾಡಿಸಿದ್ದನ್ನು ನಾನು ಕೇಳಿರಲಿಲ್ಲ.

"ಕೈ ಮುರದಾಂವ ನೀ. ಯಕ್ಕ ಅಲ್ಲ."

ಅವನು ಎದ್ದ. ಅವಳು ಹಿಂದೆ ಸರಿಯಲಿಲ್ಲ. ಬಿಳಿ ಪಟ್ಟಿಯ ಕೈಯನ್ನು ಎದೆಯ ಮುಂದೆ ತಂದು, "ಇನ್ನೊಂದು ಐತಿ. ಮುರಿ" ಎಂದಳು. ಅವನ ಕೈ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು. ಅತ್ತೆಯವರ ಕೋಲು ಅವನ ಮೊಣಕೈಗೆ ಬಿತ್ತು, ಮೆಲ್ಲಗೇನೂ ಅಲ್ಲ.

"ಕುಂಡ್ರು. ಕೂಸಿನ್ನ ಆಕಿ ಕೈಯಾಗ ಕೊಡು. ಆಕಿ ಎಲ್ಲಿಗೂ ಹೋಗಂಗಿಲ್ಲ."

ಅವನು ಕೊಡುವ ತನಕ ಅವಳು ಕಾಯಲಿಲ್ಲ. ಹೊರಸಿನ ಹತ್ತಿರ ಬಗ್ಗಿ ಎಡಗೈ ಚಾಚಿದಳು. ಮಗು ಬಂದು ಅವಳ ಸೊಂಟಕ್ಕೆ ಜೋತುಬಿತ್ತು.

ಇದಾಗಿ ಎರಡು ವರ್ಷವಾಯಿತು. ಅವಳ ಮಣಿಕಟ್ಟು ಇನ್ನೂ ಕೊಂಚ ಸೊಟ್ಟ. ರೊಟ್ಟಿ ಬಡಿದರೆ ಒಂದು ಬದಿ ದಪ್ಪ ಬರುತ್ತದೆ. ನನ್ನೊಡನೆ ಬೇಕಾದಷ್ಟೇ ಮಾತು. ನಾನು ಈಗ ಯಾವ ಪುಟ ತೆರೆದರೂ ಹಸಿರು ಗುಂಡಿ ಬಿಟ್ಟು ಬೂದು ಬಣ್ಣದ ಸಣ್ಣಕ್ಷರ ಹುಡುಕುತ್ತೇನೆ. ಕೆಲವರು ಅದನ್ನು ಎರಡು ಮೂರು ಬಾಗಿಲಿನ ಹಿಂದೆ ಇಟ್ಟಿರುತ್ತಾರೆ, ಕನ್ನಡಕ ಹಾಕಿಕೊಂಡು ಒಂದೊಂದೇ ತೆರೆಯುತ್ತೇನೆ. ತೀರಾ ಬೇಕಾದ ಗುರುತಷ್ಟೇ ಸಾಕು ಎಂಬ ಸಾಲು ಸಿಕ್ಕರೆ ಅದನ್ನು ಒತ್ತುತ್ತೇನೆ. ಹದಿನೈದು ದಿನಕ್ಕೊಮ್ಮೆ ಎಲ್ಲ ಅಳಿಸುತ್ತೇನೆ. ಅಳಿಸಿದಾಗೊಮ್ಮೆ ಪಿಂಚಣಿಯ ಪುಟವೂ ನಮ್ಮನ್ನು ಮರೆತು ನೀವು ಯಾರು ಎಂದು ಕೇಳುತ್ತದೆ, ಮತ್ತೆ ತುಂಬಬೇಕು. ತುಂಬುತ್ತೇನೆ, ಬೇಸರವಿಲ್ಲ.

ಆ ಮಂಗಳವಾರ ಸಂಜೆ ಹೊಸದಾಗಿ ಏನೂ ಬೇಯಿಸಲಿಲ್ಲ. ಮಧ್ಯಾಹ್ನದ ಮೂವತ್ತೆರಡು ರೊಟ್ಟಿ ಒಣಗಿದ್ದವು. ಅವನ್ನೇ ಪುಂಡಿಪಲ್ಲೆ, ಶೇಂಗಾ ಹಿಂಡಿ, ಮೊಸರಿನ ಜೊತೆ ತಿಂದೆವು. ಮೈದುನ ಹಲ್ಲಿನ ನೋವಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗಿದ. ನೆಗೆಣ್ಣಿಗೆ ಒಂದು ಕೈಯಲ್ಲಿ ಒಣರೊಟ್ಟಿ ಮುರಿಯಲು ಬರಲಿಲ್ಲ. ನಾನು ಮುರಿದಿಟ್ಟದ್ದನ್ನು ಮುಟ್ಟಲಿಲ್ಲ. ಅತ್ತೆ ಮುರಿದುಕೊಟ್ಟದ್ದರಲ್ಲಿ ಒಂದೂವರೆ ತಿಂದಳು. ಮೊದಲು ಮಲಗಿದವನು ಮೈದುನ. ತಲೆಯಿಟ್ಟ ಕೂಡಲೇ ಗೊರಕೆ. ಆಮೇಲೆ ಮಗು, ತನ್ನ ಅವ್ವನ ಎಡಗೈಗೆ ಒರಗಿ.